ಮೇಸ್ತ್ರಿಯ ಮನೆಯವರು ಸಂಗೀತಕ್ಕೆ ಹೋದದ್ದು

ಆ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ, ಯಾವಾಗಲೂ ಒಂದು ಸ್ಕ್ರೂಡ್ರೈವರ್ ಬಿದ್ದಿರುತ್ತಿತ್ತು. ಕೆಳಗೆ ಮೋಟರು ರಿಪೇರಿಯ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಅಂಗಡಿಯ ಸಾಮಾನು ಮೇಲೆ ಬರುತ್ತಿತ್ತು, ಮನೆಯ ಜಗಳ ಕೆಳಗೆ ಹೋಗುತ್ತಿತ್ತು.

ಯಜಮಾನನನ್ನು ಬೀದಿಯವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರು. ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ‘ರೀ’ ಎಂದರೆ ಕೋಪ ಬಂದಿದೆ ಎಂದರ್ಥ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಇಪ್ಪತ್ತಾರು ವರ್ಷ ಗಾಜಿನ ತೂತಿನಿಂದ ಮಾತಾಡಿ ಅವಳ ಮಾತು ಗಟ್ಟಿಯೂ ಗಿಡ್ಡವೂ ಆಗಿತ್ತು. ಮಗ ಅಂಗಡಿಯ ವ್ಯಾನು ಓಡಿಸಿ ಮೋಟರುಗಳನ್ನು ಹೊತ್ತು ಹಾಕುತ್ತಿದ್ದ. ಅವನ ಹೆಸರು ಮೂಟೆ. ಅವನ ತಂಗಿ ಬೆಂಚಿನ ಮೇಲಿನ ಕೆಲಸದವಳು. ಅವಳ ಹೆಸರು ಕಿವಿ.

ಆ ಹೆಸರು ಮೊದಲು ಅಪ್ಪನಿಗೇ ಸಲ್ಲಬೇಕಿತ್ತು. ಓಡುತ್ತಿರುವ ಮೋಟರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ, "ಮುಂದಿನ ಬೇರಿಂಗು ಹದಿನೈದು ದಿನ ಬರುತ್ತೆ, ಹಿಂದಿನದು ನಾಳೆ ಹೋಗುತ್ತೆ" ಎಂದರೆ ಹಾಗೇ ಆಗುತ್ತಿತ್ತು. ಎರಡು ವರ್ಷದ ಹಿಂದೆ ಅವನು ಸ್ಕ್ರೂಡ್ರೈವರನ್ನು ಮಗಳ ಕಡೆ ಚಾಚಿ, "ನೀನು ಕೇಳು, ನಂಗೆ ಕಣ್ಣು ಮಂಜಾಗಿದೆ" ಅಂದ. ಕೇಳುವ ಕೆಲಸಕ್ಕೆ ಕಣ್ಣಿನ ನೆಪ ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಟೀವಿಯ ಸದ್ದು ಮಾತ್ರ ತಿಂಗಳಿಗೊಂದು ಗೆರೆ ಏರುತ್ತಾ ಹೋಯಿತು.

ಅಂಗಡಿಗೆ ಒಂದೇ ಒಂದು ಕಾನೂನು. ಯಾರಿಗಾದರೂ ಕೆಟ್ಟ ಸದ್ದು ಕೇಳಿಸಿದರೆ "ಆಫ್!" ಎಂದು ಕೂಗಬೇಕು. ಸ್ವಿಚ್ಚಿನ ಹತ್ತಿರ ಇದ್ದವರು ಯಾಕೆ ಎನ್ನದೆ ಆರಿಸಬೇಕು. ಉಳಿದವರು ಎರಡೂ ಕೈ ಮೇಲೆತ್ತಿ ಹತ್ತು ಬೆರಳೂ ಇವೆ ಎಂದು ತೋರಿಸಬೇಕು. ಮೇಸ್ತ್ರಿಯ ತಂದೆ ಒಂಬತ್ತು ಬೆರಳಿನಲ್ಲಿ ಸತ್ತಿದ್ದ; ಕಾನೂನು ಹುಟ್ಟಿದ್ದು ಆ ಹತ್ತನೆಯದರಿಂದ. ಅವನ ವಿಧವೆ, ಎಂಬತ್ತೆರಡರ ಅಜ್ಜಿ, ಮೇಲೆ ಊಟಕ್ಕೆ ಕೂತಿದ್ದರೂ ಕೆಳಗಿನಿಂದ ಕೂಗು ಬಂದರೆ ಎಂಜಲು ಕೈಯನ್ನೇ ಮೇಲೆತ್ತುತ್ತಿದ್ದಳು.

ಜಗಳ ಶುರುವಾದದ್ದು ಒಂದು ಸೋಮವಾರದ ಊಟಕ್ಕೆ. ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಾ ಮಗಳು ಹೇಳಿದಳು:

"ಮುಂದಿನ ತಿಂಗಳು ಮೊದಲ ಭಾನುವಾರ ನಾಲ್ಕು ಗಂಟೆಗೆ ನನ್ನ ಕಾರ್ಯಕ್ರಮ ಇದೆ. ಚೆನ್ನಾಗಾದ್ರೆ ಪ್ರತಿ ಶನಿವಾರ ಕರೀತಾರಂತೆ. ಮಧ್ಯಾಹ್ನ ಎರಡಕ್ಕೇ ಹೋಗ್ಬೇಕಾಗುತ್ತೆ."

"ಶನಿವಾರ ಎರಡಕ್ಕೆ ಡೆಲಿವರಿ," ಅಂದ ಮೇಸ್ತ್ರಿ.

"ಗೊತ್ತು."

"ಹಾಡ್ತೀಯೇನೇ?" ಅಜ್ಜಿ ಕೇಳಿದಳು.

"ಇಲ್ಲ ಅಜ್ಜಿ. ಎಲೆಕ್ಟ್ರಾನಿಕ್ ಮ್ಯೂಸಿಕ್."

"ಮತ್ತೆ ಬಾರಿಸ್ತೀಯಾ?"

"ಒಂಥರಾ. ಗುಂಡಿಗಳನ್ನ ತಿರುಗಿಸ್ತೀನಿ."

"ತಿರುಗಿಸೋಕೆ ಮನೇಲೇ ರೇಡಿಯೋ ಇತ್ತಲ್ಲೇ. ಅದಕ್ಕೆ ಅಷ್ಟು ದೂರ ಹೋಗ್ಬೇಕಾ?"

ಮೂಟೆ ನಕ್ಕು ನೀರು ನೆತ್ತಿಗೇರಿಸಿಕೊಂಡ. ಅಮ್ಮ ಅವನ ಬೆನ್ನಿಗೆ ಎರಡು ಗುದ್ದಿ, "ಎಲ್ಲಿ?" ಎಂದು ಕೇಳಿದಳು.

"ಕಾಲುವೆ ದಾಟಿದ ಮೇಲೆ ಹಳೇ ಕೋಲ್ಡ್ ಸ್ಟೋರೇಜ್ ಇದೆಯಲ್ಲ, ಮೀನು ಇಡ್ತಿದ್ದದ್ದು. ಈಗ ಅದನ್ನ ಹಾಲ್ ಮಾಡಿದಾರೆ."

"ವಾಸನೆ?"

"ಹೋಗಿದೆ."

ಮೇಸ್ತ್ರಿ ತಟ್ಟೆ ದೂಡಿದ. "ಶನಿವಾರ ಎಂಟು ಮೋಟರು ಹೊರಗೆ ಹೋಗುತ್ತೆ. ಕೇಳೋರು ಯಾರು? ಇವನಾ?"

"ನಂಗೆ ಓಡ್ತಿದ್ಯೋ ನಿಂತಿದ್ಯೋ ಅಷ್ಟೇ ಗೊತ್ತಾಗೋದು," ಎಂದು ಮೂಟೆ ಪ್ರಾಮಾಣಿಕವಾಗಿ ಒಪ್ಪಿದ.

"ನೀವೇ ಕೇಳಿ ಅಪ್ಪ."

ಆ ಮಾತಿಗೆ ಎಲ್ಲರೂ ತಂತಮ್ಮ ಆಲೂಗಡ್ಡೆ ನೋಡಿಕೊಂಡರು. ಮೇಸ್ತ್ರಿ ದೂಡಿದ್ದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ.

"ಸರಿ. ನಾನು ಬಂದು ನೋಡ್ತೀನಿ. ಅದು ಕೆಲಸ ಅನ್ನಿಸಿದ್ರೆ ಶನಿವಾರ ನಿಂದು. ಆಟ ಅನ್ನಿಸಿದ್ರೆ ತೆಪ್ಪಗೆ ಬೆಂಚಿಗೆ ಕೂತ್ಕೋ. ಒಪ್ಪಿಗೆಯಾ?"

"ಪೂರ್ತಿ ಕೇಳ್ಬೇಕು. ಮಧ್ಯ ಎದ್ದು ಹೋಗೋ ಹಾಗಿಲ್ಲ."

"ಪೂರ್ತಿ ಕೇಳ್ತೀನಿ."

"ಕೇಳ್ಸಿದ್ರೆ," ಎಂದಳು ಅಜ್ಜಿ, ಅರ್ಧ ಬಾಯಲ್ಲಿ. ಮೇಸ್ತ್ರಿಗೆ ಅದು ಕೇಳಿಸಲಿಲ್ಲ.

ಮರುದಿನದಿಂದ ಮಗಳು ಕೆಲಸ ಮುಗಿದ ಮೇಲೆ ತಂತಿಯ ಉರುಳೆಗಳನ್ನಿಡುವ ಹಿಂದಿನ ಕೋಣೆ ಸೇರಿಕೊಂಡಳು. ರಿಪೇರಿಗೆ ಬಂದ ಮೋಟರುಗಳಿಗೆ ಅಂಗಿಯ ಗುಂಡಿಯಷ್ಟಗಲದ ಮೈಕು ಅಂಟಿಸಿ ಅವುಗಳ ಸದ್ದು ಕೂಡಿಡುವುದು ಅವಳ ಹಳೆಯ ಹುಚ್ಚು. ಬೇರೆ ಮಕ್ಕಳು ಅಂಚೆಚೀಟಿ ಕೂಡಿಡುವುದಿಲ್ಲವೆ ಎಂದು ಮನೆಯವರು ಸುಮ್ಮನಿದ್ದರು. ಈಗ ಆ ಕೋಣೆಯಿಂದ ಗುಂಯ್ ಎನ್ನುವುದು, ಕಟಕಟ ಎನ್ನುವುದು, ನೆಲದಡಿಯಿಂದ ಯಾರೋ ಒನಕೆ ಕುಟ್ಟಿದಂಥದ್ದು ಹೊರಡುತ್ತಿತ್ತು.

"ಯಾವಾಗ ಶುರು ಮಾಡ್ತೀಯೇ?" ಅಜ್ಜಿ ಬಾಗಿಲಿಗೆ ಬಂದು ಕೇಳುತ್ತಿದ್ದಳು.

"ಶುರುವಾಗಿ ಇಪ್ಪತ್ತು ನಿಮಿಷ ಆಯ್ತಜ್ಜಿ."

"ಹೌದಾ? ಚೆನ್ನಾಗಿದೆ. ಸ್ವಲ್ಪ ಬೇಗ ಮುಗಿಸು, ಹುರುಳಿಕಾಯಿ ಸೋಸೋದಿದೆ."

ಎರಡನೆಯ ವಾರ ಲಾಂಡ್ರಿಯ ಮೋಟರು ಬಂತು. ಬಟ್ಟೆ ಹಿಂಡುವ ಯಂತ್ರದ್ದು, ಎಮ್ಮೆ ತಲೆಯಷ್ಟು ದೊಡ್ಡದು. ಮಗಳು ಗುಂಡಿಯ ಮೈಕು ಅಂಟಿಸಿ ಸದ್ದು ತೆಗೆದುಕೊಂಡು, "ಎರಡೂ ಕಡೆ ಬೇರಿಂಗು ನೋಡಿ" ಎಂದು ಹೇಳಿ ಹಾಲ್‌ಗೆ ಅಭ್ಯಾಸಕ್ಕೆ ಹೋದಳು. ಮೇಸ್ತ್ರಿ ಮುಂದಿನದನ್ನು ಮಾತ್ರ ಬದಲಿಸಿದ. ಓಡಿಸಿ, ಸ್ಕ್ರೂಡ್ರೈವರ್ ಆನಿಸಿ, ಕಣ್ಣು ಮುಚ್ಚಿದ. ಏನೂ ಕೇಳಿಸಲಿಲ್ಲ. ಏನೂ ಕೇಳಿಸದಿದ್ದರೆ ಮೋಟರು ಸರಿಯಿದೆ ಎನ್ನುವುದು ಅವನ ನಲವತ್ತು ವರ್ಷದ ಲೆಕ್ಕ. ಹಾಗೆಂದೇ ಕಳಿಸಿದ.

ನಾಲ್ಕನೆಯ ದಿನ ಲಾಂಡ್ರಿಯವಳು ತಾನೇ ಅದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಳು. ತಿರುಗುವುದನ್ನು ಬಿಟ್ಟು ಹೊಗೆ ಬಿಟ್ಟಿತ್ತು.

"ಆಸ್ಪತ್ರೆಯ ನಲವತ್ತು ಹೊದಿಕೆ ನೆನೆದು ಕೂತಿವೆ ಮೇಸ್ತ್ರಿ. ಅವನ್ನ ನಿಮ್ಮನೆ ಮಾಳಿಗೆ ಮೇಲೆ ಹರವಲಾ?"

"ವೋಲ್ಟೇಜು ಏರಿರುತ್ತೆ."

"ವೋಲ್ಟೇಜು ಎಲ್ಲರ ಮನೇಲೂ ಏರಿತಾ, ನನ್ನ ಮೋಟರಿಗೆ ಮಾತ್ರ ಏರಿತಾ?"

ಮಗಳು ಬಿಚ್ಚಿ ನೋಡಿದಳು. ಹಿಂದಿನ ಬೇರಿಂಗಿನ ಗುಂಡುಗಳು ಹುರಿದ ಕಡಲೆಯ ಹಾಗೆ ಕಪ್ಪಾಗಿದ್ದವು. ಹೊಸದು ಹಾಕಿ ಸಂಜೆಯೊಳಗೆ ಕಳಿಸಿದಳು. ಅವಳು ಹೇಳದೆ ಬಿಟ್ಟದ್ದು ಮೇಸ್ತ್ರಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. ಆ ರಾತ್ರಿ ಊಟಕ್ಕೆ ಕೂತು ಅವನೇ ಕೆಣಕಿದ:

"ನೀನು ಅಭ್ಯಾಸ ಅಂತ ಹೋಗದಿದ್ರೆ ಇದಾಗ್ತಿರ್ಲಿಲ್ಲ."

"ನೀವು ಡಾಕ್ಟ್ರ ಹತ್ರ ಹೋಗಿದ್ರೂ ಆಗ್ತಿರ್ಲಿಲ್ಲ."

"ಕಣ್ಣಿಗಾ?"

"ರೀ," ಎಂದಳು ಅಮ್ಮ. ಮಾತು ಅಲ್ಲಿಗೆ ನಿಂತಿತು.

ಭಾನುವಾರ ಬಂತು. ಮಗಳು ತನ್ನ ಪೆಟ್ಟಿಗೆಗಳೊಂದಿಗೆ ಬೆಳಿಗ್ಗೆಯೇ ಹೋಗಿದ್ದಳು. ಉಳಿದ ನಾಲ್ವರು ವ್ಯಾನಿನಲ್ಲಿ ಹೊರಟರು. ಮೇಸ್ತ್ರಿ ಮದುವೆ ಮನೆಗೆ ಹಾಕುವ ಕೋಟು ಹಾಕಿದ್ದ. ಅಮ್ಮ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು. ಅಜ್ಜಿ ಮಡಚುವ ಸ್ಟೂಲು ತಂದಿದ್ದಳು. ಯಾವ ಸಭೆಯಲ್ಲೂ ತನಗೆ ಕುರ್ಚಿ ಸಿಗುತ್ತದೆ ಎಂಬ ನಂಬಿಕೆ ಅವಳಿಗೆ ಎಂದೂ ಇರಲಿಲ್ಲ.

ಬಾಗಿಲಲ್ಲಿ ಒಬ್ಬ ತರುಣಿ ಅವರ ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿದಳು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಸೀಟ್ ನಂಬರ್ ಎಲ್ಲಿ?"

"ಸೀಟ್ ಇಲ್ಲ ಆಂಟಿ, ನಿಂತ್ಕೊಳ್ಳೋದು."

"ಎಷ್ಟು ಹೊತ್ತು?"

"ಒಂದೂವರೆ ಗಂಟೆ."

"ನಾವು ಇಷ್ಟು ಹೊತ್ತು ನಿಲ್ಲಿಸಿದ್ರೆ ಜನ ಬಸ್ಸಿಗೆ ಕಲ್ಲು ಹೊಡೀತಾರೆ," ಎಂದಳು ಅಮ್ಮ.

ಅಷ್ಟರಲ್ಲಿ ತರುಣಿ ಒಬ್ಬೊಬ್ಬರ ಕೈಗೂ ಎರಡೆರಡು ಹಳದಿ ಬಿರಡೆ ಹಾಕಿದಳು.

"ಇದೇನು, ಗುಳಿಗೆಯಾ?" ಅಜ್ಜಿ ಕೇಳಿದಳು.

"ಕಿವಿಗೆ ಇಟ್ಕೊಳ್ಳೋದಜ್ಜಿ. ಸೌಂಡ್ ಜಾಸ್ತಿ ಇರುತ್ತೆ."

"ಊಟಕ್ಕೆ ಕರೆದು ಬಾಯಿಗೆ ಬಟ್ಟೆ ಕಟ್ಟಿದ ಹಾಗಾಯ್ತು!" ಎಂದ ಮೇಸ್ತ್ರಿ. ತನ್ನ ಎರಡು ಬಿರಡೆಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟು, "ನಂಗೆ ಬೇಡ. ನಾನು ಕೇಳೋಕೆ ಬಂದೋನು," ಎಂದು ಸೇರಿಸಿದ.

ಒಳಗೆ ಮೀನಿನ ವಾಸನೆ ಪೂರ್ತಿ ಹೋಗಿರಲಿಲ್ಲ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಸುಮಾರು ಮುನ್ನೂರು ಜನ, ಹೆಚ್ಚಿನವರು ಮೂಟೆಯ ವಯಸ್ಸಿನವರು. ಎದುರಿಗೆ ಎತ್ತರದ ಮೇಜು, ಅದರ ಮೇಲೆ ಅಂಗಡಿಯ ಬೆಂಚಿನ ಮೇಲಿರುವುದಕ್ಕಿಂತ ಹೆಚ್ಚು ವೈರು. ವೈರುಗಳ ಹಿಂದೆ ಮಗಳು. ಬೆಂಚಿನ ಹತ್ತಿರ ನಿಲ್ಲುವಂತೆಯೇ ನಿಂತಿದ್ದಳು, ಎಡ ಭುಜ ಸ್ವಲ್ಪ ಇಳಿಸಿ, ಮೋರೆ ಗಂಟು ಹಾಕಿ.

ಶುರುವಾಯಿತು. ಮೊದಲು ಒಂದು ಗುಂಯ್‌ಗುಟ್ಟುವಿಕೆ, ಅದು ಹತ್ತು ನಿಮಿಷ ಹಾಗೇ ಇತ್ತು.

"ಶ್ರುತಿ ಮಾಡ್ಕೊಳ್ತಿದಾಳೆ," ಎಂದಳು ಅಮ್ಮ.

"ಇಲ್ಲಮ್ಮ, ಇದೇ," ಎಂದ ಮೂಟೆ. ಅವನ ತಲೆ ಆಗಲೇ ಆಡತೊಡಗಿತ್ತು.

ಆಮೇಲೆ ಒನಕೆಯ ಪೆಟ್ಟು ಬಂತು. ನೆಲ ಅದುರಿತು. ಸ್ಟೂಲಿನ ಮೇಲಿದ್ದ ಅಜ್ಜಿ ತೊಡೆ ಹಿಡಿದುಕೊಂಡು, "ಅಯ್ಯೋ, ಮಂಡಿಗೆ ಹಿತವಾಗಿದೆ ಕಣೇ!" ಎಂದು ಸೊಸೆಯ ಸೀರೆ ಜಗ್ಗಿದಳು. ಪಕ್ಕದಲ್ಲಿ ಉಂಗುರ ಚುಚ್ಚಿದ ಹುಬ್ಬಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ತೂಗುತ್ತಿದ್ದಳು. ಅಮ್ಮ ಅವಳಿಗೆ ತಲೆ ಸುತ್ತು ಬಂದಿದೆ ಎಂದುಕೊಂಡು ಒಂದು ಮೊಟ್ಟೆ ಕೊಟ್ಟಳು. ಅವಳು ಕಣ್ಣು ತೆರೆದು, ನಕ್ಕು, ತಿಂದು, ಮತ್ತೆ ತೂಗಿದಳು.

ಮೇಸ್ತ್ರಿ ಕೈ ಕಟ್ಟಿ ನಿಂತಿದ್ದ. ಎದೆಗೆ ಬಡಿಯುವುದು ಗೊತ್ತಾಗುತ್ತಿತ್ತು. ಸುತ್ತಲಿನವರು ಕೇಳಿ ಹಿಗ್ಗುತ್ತಿದ್ದ ಸಣ್ಣ ಸದ್ದುಗಳು ಅವನಿಗೆ ಬರುತ್ತಿರಲಿಲ್ಲ; ಅವರು "ಓ!" ಎಂದಾಗ ಅವನೂ ಒಂದು ಕ್ಷಣ ತಡವಾಗಿ ತಲೆಯಾಡಿಸುತ್ತಿದ್ದ. ಆಟವೇ ಸರಿ ಎಂದು ಮನಸ್ಸಿನಲ್ಲಿ ತೀರ್ಪು ಬರೆದಾಗಿತ್ತು.

ಆಗ ಒಂದು ಹೊಸ ಸದ್ದು ಒಳಗೆ ಬಂತು. ದಪ್ಪ, ನಿಧಾನ, ಕಬ್ಬಿಣದ್ದು. ಒಂದು ಸುತ್ತು, ಎರಡು, ಮೂರು, ನಾಲ್ಕನೆಯದಕ್ಕೆ ಎಡವಿ ಕರ್ ಎನ್ನುತ್ತಿತ್ತು. ಮತ್ತೆ ಮೂರು ಸರಿ, ನಾಲ್ಕಕ್ಕೆ ಕರ್. ಮಗಳು ಗುಂಡಿ ತಿರುಗಿಸಿದಂತೆ ಅದು ವೇಗ ಹಿಡಿಯಿತು. ಮೇಸ್ತ್ರಿಯ ಕತ್ತು ನೆಟ್ಟಗಾಯಿತು. ಎರಡು ವರ್ಷದಿಂದ ಅವನ ಕಿವಿಗೆ ಬಾರದೆ ತಪ್ಪಿಸಿಕೊಂಡಿದ್ದದ್ದು ಈಗ ಎದುರಿಗೇ ಬಂದು ನಿಂತಿತ್ತು. ಇನ್ನು ಅರ್ಧ ನಿಮಿಷ ಓಡಿದರೆ ಸಿಕ್ಕಿಹಾಕಿಕೊಂಡು ಸುಟ್ಟು ಹೋಗುತ್ತದೆ.

"ಆಫ್!"

ನಲವತ್ತು ವರ್ಷ ಮೋಟರುಗಳ ಮೇಲೆ ಕೂಗಿ ಹದಗೊಂಡ ಗಂಟಲು ಅದು. ಮುನ್ನೂರು ಜನರ ತಲೆಯ ಮೇಲೆ ಹಾರಿ ಹೋಯಿತು. ವೇದಿಕೆಯ ಮೇಲಿದ್ದವಳು ಯಾಕೆ ಎನ್ನಲಿಲ್ಲ. ಏಳನೆಯ ವಯಸ್ಸಿನಿಂದ ಕಲಿತ ಕೈ ತಾನಾಗಿ ಹೋಗಿ ಮುಖ್ಯ ಸ್ವಿಚ್ಚು ಒತ್ತಿತು. ಸದ್ದೂ ಹೋಯಿತು, ದೀಪವೂ ಹೋಗಿ ಒಂದು ಹಳದಿ ಬಲ್ಬು ಉಳಿಯಿತು. ಆ ಬೆಳಕಿನಲ್ಲಿ ಮೂಟೆ, ಅಮ್ಮ, ಸ್ಟೂಲಿನ ಮೇಲಿದ್ದ ಅಜ್ಜಿ ಮೂವರೂ ಎರಡೂ ಕೈ ಮೇಲೆತ್ತಿ ಬೆರಳು ಅಗಲಿಸಿ ನಿಂತಿದ್ದರು.

ಹುಬ್ಬಿನ ಹುಡುಗಿ ಅವರನ್ನು ನೋಡಿದಳು, ತಾನೂ ಎತ್ತಿದಳು. ಅವಳ ಪಕ್ಕದವನೂ ಎತ್ತಿದ. ಹತ್ತು ಎಣಿಸುವಷ್ಟರಲ್ಲಿ ಇಡೀ ಹಾಲ್‌ನಲ್ಲಿ ಆರುನೂರು ಕೈ ಮೇಲಿದ್ದವು, ಒಂದು ಉಸಿರೂ ಇರಲಿಲ್ಲ.

ಮಗಳು ಅಪ್ಪನನ್ನು ಹುಡುಕಿದಳು. ಅವಳ ಮೋರೆ ಕೆಂಪಾಗಿತ್ತು. ಆದರೂ ಮೊದಲು ಬಾಯಿಗೆ ಬಂದದ್ದು ಅಂಗಡಿಯ ಪ್ರಶ್ನೆಯೇ.

"ಯಾವುದು?"

"ಲಾಂಡ್ರಿದು! ಹಿಂದಿನ ಬೇರಿಂಗು! ನಾಲ್ಕನೇ ಸುತ್ತಿಗೆ ಎಡವುತ್ತೆ!"

"ಅಪ್ಪಾ, ಅದು ಅವತ್ತೂ ಹಾಗೇ ಎಡವ್ತಿತ್ತು."

ಮೇಸ್ತ್ರಿ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ:

"ಅವತ್ತು ನಂಗೆ ಕೇಳಿಸ್ಲಿಲ್ಲ."

ಆ ಮೌನದಲ್ಲಿ ಅದು ಹಿಂದಿನ ಗೋಡೆಯವರೆಗೂ ಹೋಯಿತು. ಎರಡು ವರ್ಷ ನಾಲ್ಕು ಜನರಿಂದ ಮುಚ್ಚಿಟ್ಟದ್ದು ಒಂದೇ ಸಲಕ್ಕೆ ಮುನ್ನೂರು ಜನರಿಗೆ ಗೊತ್ತಾಯಿತು. ಅವರು ಹೋ ಎಂದು ಕಿರುಚಿ ಚಪ್ಪಾಳೆ ಹೊಡೆದರು.

ಮಗಳು ಸ್ವಿಚ್ಚು ಹಾಕಿ ಅದೇ ಸದ್ದನ್ನು ಮೊದಲಿನಿಂದ ಬಿಟ್ಟಳು, ಇನ್ನೂ ನಿಧಾನವಾಗಿ, ಎಡವುವ ಜಾಗ ದೂರದಿಂದಲೇ ಕಾಣುವಂತೆ. ಅದರ ಮೇಲೆ ಒನಕೆ ಸೇರಿತು, ಬೇರೆ ಮೋಟರುಗಳು ಸೇರಿದವು. ಮೇಸ್ತ್ರಿ ಉಳಿದ ಒಂದು ಗಂಟೆ ಅಲುಗಲಿಲ್ಲ. ಒಂದೊಂದಾಗಿ ಗುರುತು ಹಿಡಿದು ಹೆಂಡತಿಯ ಕಿವಿಗೆ ಹೇಳುತ್ತಿದ್ದ: "ಬೇಕರಿಯ ಹಿಟ್ಟಿನ ಮಿಲ್ಲು... ಇದು ಶಾಲೆಯ ನೀರಿನ ಪಂಪು, ಬ್ರಷ್ ಸವೆದಿದೆ..."

"ಬಿರಡೆ ಇಟ್ಕೊಂಡಿದೀನಿ ಮೇಸ್ತ್ರಿ, ನಂಗೇನೂ ಕೇಳಿಸ್ತಿಲ್ಲ," ಎಂದಳು ಅಮ್ಮ.

ವ್ಯಾನಿನಲ್ಲಿ ಮನೆಗೆ ಬರುವಾಗ ಮಗಳು ಹಿಂದೆ ಪೆಟ್ಟಿಗೆಗಳ ನಡುವೆ ಕೂತು ವೈರುಗಳನ್ನು ಎಳೆದೆಳೆದು ಸುತ್ತುತ್ತಿದ್ದಳು. ಮೂಟೆಯೇ ಮಾತು ತೆಗೆದ. "ಜನಕ್ಕೆ ಇಷ್ಟ ಆಯ್ತಲ್ಲ."

"ಒಂದು ತಿಂಗಳು ಕಟ್ಟಿದ್ದು. ಒಂದೇ ಸೆಕೆಂಡಲ್ಲಿ ಆಫ್."

"ಆರಿಸಿದ್ದು ನೀನೇ," ಅಂದ ಮೇಸ್ತ್ರಿ.

"ನನ್ನ ಕೈ ಆರಿಸಿತು! ಕೈಗೆ ಏನು ಗೊತ್ತು?"

"ಕೈಗೆ ಗೊತ್ತಿದ್ದಕ್ಕೇ ಹತ್ತು ಬೆರಳಿದೆ ನಿಂಗೆ."

ಮಂಗಳವಾರ ಹಾಲ್‌ನ ವ್ಯವಸ್ಥಾಪಕಿ ಫೋನ್ ಮಾಡಿದಳು. ಮಗಳು ಮೆಟ್ಟಿಲ ಮೇಲೆ ನಿಂತು ಮಾತಾಡಿ ಕೆಳಗೆ ಬಂದಾಗ ಅವಳ ಮೋರೆಯಲ್ಲಿ ಸಿಹಿ ಕಹಿ ಎರಡೂ ಇತ್ತು.

"ಪ್ರತಿ ಶನಿವಾರ ಕೊಡ್ತಾರಂತೆ. ಆದ್ರೆ ಆ ಕೋಟು ಹಾಕ್ಕೊಂಡ ಮುದುಕರೂ ಬರ್ಬೇಕಂತೆ, ಕೂಗೋಕೆ. ಅಜ್ಜಿ ಸ್ಟೂಲು ಸಮೇತ."

"ನಾನು ತಯಾರು," ಎಂದಳು ಅಜ್ಜಿ.

ಮೇಸ್ತ್ರಿ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಕೆಳಗಿಟ್ಟ. "ಆಗಲ್ಲ. ಸುಮ್ಮಸುಮ್ಮನೆ ಕೂಗಿದ್ರೆ, ನಾಳೆ ನಿಜವಾಗಿ ಕೂಗಿದಾಗ ಯಾರು ಕೈ ತೆಗೀತಾರೆ?"

ಮಗಳು ಅವನನ್ನೇ ನೋಡಿ, ಅಲ್ಲೇ ನಿಂತು ವಾಪಸು ಫೋನ್ ಮಾಡಿ, ಅದೇ ಮಾತನ್ನು ಅದೇ ದನಿಯಲ್ಲಿ ವ್ಯವಸ್ಥಾಪಕಿಗೆ ಹೇಳಿದಳು. ಆ ಕಡೆಯವಳು ಗೊಣಗಿದಳು, ಎಳೆದಾಡಿದಳು, ಕೊನೆಗೆ ಕೂಗಿಲ್ಲದ ಕಾರ್ಯಕ್ರಮಕ್ಕೆ ಎರಡು ವಾರಕ್ಕೊಂದು ಶನಿವಾರ ಸಾಕು ಎಂದಳು.

"ಅರ್ಧ ಹೋಯ್ತು," ಎಂದಳು ಮಗಳು ಫೋನ್ ಇಟ್ಟು. "ಈಗ ನಿಮ್ಮ ತೀರ್ಪು ಹೇಳಿ. ಕೆಲಸಾನಾ, ಆಟಾನಾ?"

"ಬೇರಿಂಗು ಸುಳ್ಳು ಹೇಳ್ಲಿಲ್ಲ. ಕೆಲಸಾನೇ." ಮೇಸ್ತ್ರಿ ತಲೆ ತಗ್ಗಿಸಿದ. "ಹೋಗು ಅನ್ನೋಕೆ ನಂಗೆ ಬಾಯಿದೆ. ಆ ದಿನ ಮೋಟರು ಕೇಳೋಕೆ ಕಿವಿ ಎಲ್ಲಿಂದ ತರ್ಲಿ? ಇನ್ನೊಂದು ಲಾಂಡ್ರಿ ಆದ್ರೆ ಬಾಗಿಲು ಹಾಕೋದೇ."

ಮಗಳು ಹಿಂದಿನ ಕೋಣೆಗೆ ಹೋಗಿ ಗುಂಡಿಯ ಮೈಕು, ಒಂದು ಸಣ್ಣ ಪೆಟ್ಟಿಗೆ, ದೊಡ್ಡ ಹೆಡ್‌ಫೋನು ತಂದಳು. ಬೆಂಚಿನ ಮೇಲೆ ಓಡುತ್ತಿದ್ದ ಪಂಪಿಗೆ ಮೈಕು ಅಂಟಿಸಿ ಹೆಡ್‌ಫೋನನ್ನು ಅವನ ತಲೆಗೆ ಹಾಕಿದಳು.

"ಇಲ್ಲಿ ತಿರುಗಿಸಿದ್ರೆ ಜೋರಾಗುತ್ತೆ. ಇಲ್ಲಿ ತಿರುಗಿಸಿದ್ರೆ ಸಣ್ಣ ಸದ್ದೂ ದಪ್ಪ ಆಗುತ್ತೆ. ಭಾನುವಾರ ನಾನು ಮಾಡಿದ್ದು ಇಷ್ಟೇ."

ಮೇಸ್ತ್ರಿ ತಿರುಗಿಸಿದ. ಕಣ್ಣು ಮುಚ್ಚಿದ. ಅವನ ಮೋರೆ ಮೊದಲು ಅಗಲವಾಯಿತು, ಆಮೇಲೆ ಇಳಿಯಿತು. ತಿಂಗಳಿಂದ ತಾನೇ ಸರಿಯಿದೆ ಎಂದು ಕಪಾಟಿನಲ್ಲಿಟ್ಟಿದ್ದ ಆರು ಮೋಟರುಗಳನ್ನು ಮೂಟೆಯಿಂದ ಒಂದೊಂದಾಗಿ ಇಳಿಸಿ ಕೇಳಿದ. ಎರಡನ್ನು ಬದಿಗಿಟ್ಟ. ಆಮೇಲೆ ಹೆಂಡತಿಗೆ ಹೇಳಿ ಬೇಕರಿಯವನಿಗೂ ಶಾಲೆಯವರಿಗೂ ಫೋನ್ ಮಾಡಿಸಿದ: "ಮೋಟರು ಒಂದ್ಸಲ ತನ್ನಿ. ಸರಿಯಾಗಿ ನೋಡಿರ್ಲಿಲ್ಲವಂತೆ." ಕೇಳಿರಲಿಲ್ಲ ಎನ್ನದೆ ನೋಡಿರಲಿಲ್ಲ ಎಂದೇ ಹೇಳಿಸಿದ, ಅಷ್ಟು ಮಟ್ಟಿಗೆ ಮನುಷ್ಯ ಬದಲಾಗುವುದಿಲ್ಲ.

ಮೊದಲ ಶನಿವಾರ ಮಧ್ಯಾಹ್ನ ಎರಡಕ್ಕೆ ಮಗಳು ಪೆಟ್ಟಿಗೆ ಹೊತ್ತು ಅಂಗಡಿಗೆ ಇಳಿದಳು. ಎಂಟು ಮೋಟರು ಡೆಲಿವರಿಗೆ ಸಾಲಾಗಿ ನಿಂತಿದ್ದವು. ಮೇಸ್ತ್ರಿ ಹೆಡ್‌ಫೋನು ಹಾಕಿಕೊಂಡು ಮೂರನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಹೋಗ್ಬರ್ತೀನಿ ಅಪ್ಪ."

ಅವನು ತಿರುಗಲಿಲ್ಲ.

"ಅಪ್ಪಾ, ಹೋಗ್ಬರ್ತೀನಿ."

ಮೇಸ್ತ್ರಿ ಬೆನ್ನು ತಿರುಗಿಸಿಕೊಂಡೇ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಇನ್ನೊಂದು ಸಲ ಕೂಗಲು ಮಗಳು ಬಾಯಿ ತೆರೆದಳು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಚಹಾ ಆರಿಸುತ್ತಿದ್ದ ಅಜ್ಜಿ ಕೈ ಬೀಸಿದಳು.

"ಹೋಗೇ, ಹೊತ್ತಾಯ್ತು. ಅವನಿಗೆ ಈಗ ಎಲ್ಲಾ ಕೇಳಿಸುತ್ತೆ. ನಾವು ಮಾತ್ರ ಕೇಳಿಸಲ್ಲ."